ಭಾವ ಬಣ್ಣ ಹೊಡೆಸಿದ ಮನೆ

ನಮ್ಮ ಭಾವ ತೂಕ ಮತ್ತು ಅಳತೆ ಇಲಾಖೆಯಲ್ಲಿ ಗುಮಾಸ್ತರು. ಅಂಗಡಿಗಳ ತಕ್ಕಡಿಗೆ ಮುದ್ರೆ ಒತ್ತುವುದು ಅವರ ಸಾಹೇಬರ ಕೆಲಸ. ಆ ಮುದ್ರೆ ಬೀರುವಿನಲ್ಲಿ ಇದೆಯೋ ಇಲ್ಲವೋ ನೋಡುವುದು ಭಾವನ ಕೆಲಸ. ಇಷ್ಟು ಜವಾಬ್ದಾರಿ ಹೊತ್ತ ಮನುಷ್ಯ, "ಗೋಡೆ ನೋಡಕ್ಕಾಗ್ತಿಲ್ಲ, ಈ ಸಲ ಬಣ್ಣ ಹೊಡೆಸೋಣ ರೀ" ಎಂದು ಹೆಂಡತಿ ಹೇಳಿದ ತಕ್ಷಣ ಎದ್ದು ಹೋಗಿ ಒಂದು ಡಬ್ಬಿ ತಂದುಬಿಟ್ಟರೆ ಇಲಾಖೆಯ ಗತಿ ಏನು? ಭಾವ ಅಭ್ಯಾಸಕ್ಕೆ ಕುಳಿತರು.

ಆ ಹೆಂಡತಿ ನನ್ನ ಸ್ವಂತ ಅಕ್ಕ. ಹಾಗಾಗಿ ಆಮೇಲೆ ನಡೆದದ್ದಕ್ಕೆಲ್ಲ ನಾನು ಸಾಕ್ಷಿ. ನಾಚಿಕೆಯಲ್ಲಂತೂ ಸಮಪಾಲು ನನಗೂ ಬಂತು.

ಬಣ್ಣದ ಅಂಗಡಿಯಿಂದ ಭಾವ ಶೇಡ್ ಕಾರ್ಡು ತಂದರು. ಊಟಕ್ಕೆ ಕೂತರೆ ತಟ್ಟೆಯ ಪಕ್ಕ ಕಾರ್ಡು, ಮಲಗಿದರೆ ದಿಂಬಿನ ಪಕ್ಕ ಕಾರ್ಡು. ನೋಡನೋಡುತ್ತಿದ್ದಂತೆ ಬೀದಿಯಲ್ಲಿ ಸಿಕ್ಕಸಿಕ್ಕವರನ್ನು ನಿಲ್ಲಿಸಿ ಪಾಠ ಹೇಳುವ ಮಟ್ಟಕ್ಕೆ ಬಂದರು.

"ಹೊರಗಿನ ಗೋಡೆ ಬೇರೆ ಕಣ್ರೀ, ಒಳಗಿನ ಗೋಡೆ ಬೇರೆ. ಹೊರಗಿಂದು ಬಿಸಿಲು, ಮಳೆ ಎರಡನ್ನೂ ತಡ್ಕೋಬೇಕು. ಒಳಗಿನದಕ್ಕೆ ಕೈಗುರುತು, ಎಣ್ಣೆ ಜಿಡ್ಡು ಒರೆಸಿದ್ರೆ ಹೋಗಬೇಕು. ಒಳಗಿಂದನ್ನ ತಗೊಂಡೋಗಿ ಹೊರಗೆ ಬಳಿದ್ರೆ ಒಂದೇ ಮಳೆಗಾಲಕ್ಕೆ ಸಿಪ್ಪೆ ಏಳುತ್ತೆ. ಇನ್ನೊಂದು ಹೇಳ್ತೀನಿ ಕೇಳಿ: ಕಾರ್ಡಲ್ಲಿ ತೆಳುವಾಗಿ ಕಾಣೋದು ಗೋಡೆ ಮೇಲೆ ಎರಡು ಪಟ್ಟು ಗಾಢ. ಮೊದಲು ಒಂದು ಮೂಲೇಲಿ ಹಚ್ಚಿ, ಬೆಳಿಗ್ಗೆ ಬಿಸಿಲಲ್ಲಿ ನೋಡ್ಬೇಕು, ಸಂಜೆ ನೋಡ್ಬೇಕು, ಆಮೇಲೆ ತೀರ್ಮಾನ."

ಎಲ್ಲವೂ ಸರಿಯಾದ ಮಾತೇ. ಇದರಲ್ಲಿ ಒಂದನ್ನಾದರೂ ಸ್ವತಃ ಪಾಲಿಸಿದ್ದರೆ ನನಗೆ ಬರೆಯಲು ಏನೂ ಇರುತ್ತಿರಲಿಲ್ಲ.

ಈ ಕೀರ್ತಿ ಕೇಳಿ ಒಂದು ದಿನ ಎದುರುಮನೆಯ ದೊಡ್ಡ ಟೀಚರ್ ನೋಯುವ ಮಂಡಿ ಹಿಡಿದುಕೊಂಡು ರಸ್ತೆ ದಾಟಿ ಬಂದರು. ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಬೀದಿಯ ಅರ್ಧ ಜನರ ಕಿವಿ ಹಿಂಡಿದ್ದಾರೆ. ಉಳಿದರ್ಧ ಜನ ಅವರನ್ನು ಕಂಡರೆ ತಾವಾಗಿಯೇ ಕಿವಿ ಮುಟ್ಟಿಕೊಳ್ಳುತ್ತಾರೆ. ಯಜಮಾನರು ತೀರಿಹೋದ ಮೇಲೆ ಒಬ್ಬರೇ ಇದ್ದರು.

"ನನ್ನ ಮನೆಗೂ ಬಣ್ಣ ಹೊಡೆಸ್ಬೇಕು ಅಂತಿದೀನಿ. ಯಾವುದು ಒಳ್ಳೇದು, ಯಾರನ್ನ ಕರೀಬೇಕು, ನನಗೊಂದೂ ಗೊತ್ತಾಗಲ್ಲ. ಸ್ವಲ್ಪ ಹೇಳ್ತೀರಾ?" ಎಂದು ಕೇಳಿದರು.

ಭಾವ ತಮ್ಮ ಬಾಗಿಲಿನಿಂದಲೇ ಎದುರಿನ ಗೋಡೆಯನ್ನು ಒಂದು ಕಣ್ಣು ಮುಚ್ಚಿ ಅಳೆದರು. "ನಿಮ್ಮ ಗೋಡೆಗೆ ಈಗಲೇ ಬಣ್ಣದ ಮಾತಾಡೋ ಹಂಗಿಲ್ಲ ಟೀಚರ್. ಮೊದಲು ಚಿಕಿತ್ಸೆ ಆಗ್ಬೇಕು. ನಮ್ಮದು ಮುಗೀಲಿ, ಬಿಡುವಾದಾಗ ನೋಡೋಣ" ಎಂದರು. ಟೀಚರ್ "ಹೌದಾ" ಎಂದು ಮತ್ತೆ ಮಂಡಿ ಹಿಡಿದುಕೊಂಡು ವಾಪಸು ಹೋದರು. ಒಳಗಿನಿಂದ ಅಕ್ಕ, "ಕೂತ್ಕೊಳ್ಳಿ ಅಂತಾದ್ರೂ ಅನ್ಬಾರ್ದಾ?" ಎಂದಳು.

ಕೊನೆಗೂ ಭಾವನ ಬಣ್ಣ ಗೊತ್ತಾಯಿತು. ಹೊರಗಿನ ಗೋಡೆಗೆ ಕಾರ್ಡಿನಲ್ಲಿ "ಸಂಜೆಯ ಮೌನ" ಎಂದು ಹೆಸರಿದ್ದ ಒಂದು ಬಗೆಯ ಹಳದಿ. ಒಳಗಿನದನ್ನು ಆಮೇಲೆ ನೋಡುವುದು. ಅಕ್ಕ ಕೆನೆ ಬಿಳಿ ಸಾಕೆಂದಳು. "ಕೆನೆ ಬಿಳಿ ಯಾರು ಬೇಕಾದ್ರೂ ಆರಿಸ್ತಾರೆ. ಅದಕ್ಕೆ ಅಭ್ಯಾಸ ಯಾಕೆ ಬೇಕು?" ಎಂದು ಭಾವ ಅವಳ ಬಾಯಿ ಮುಚ್ಚಿಸಿದರು. ಮೂಲೆಯಲ್ಲಿ ಹಚ್ಚಿ ನೋಡುವ ಪ್ರಸ್ತಾಪ ಬಂದಾಗ, ಅದು ಅನುಭವವಿಲ್ಲದವರಿಗೆ ಹೇಳುವ ಮಾತು ಎಂದರು.

ಪೇಂಟರನ್ನು ಭಾವ ಬಣ್ಣದ ಅಂಗಡಿಯಲ್ಲೇ ಗೊತ್ತುಮಾಡಿದ್ದರು. ಅವನು ಮನೆ ನೋಡಿರಲಿಲ್ಲ, ನೋಡುವ ಅಗತ್ಯವೂ ಇರಲಿಲ್ಲ. ಆ ಬೀದಿಯ ಮನೆಗಳನ್ನೆಲ್ಲ ಒಂದು ಸೊಸೈಟಿಯವರು ಒಂದೇ ನಕ್ಷೆಯಲ್ಲಿ ಕಟ್ಟಿದ್ದರು. ಒಂದರ ಅಳತೆ ಗೊತ್ತಿದ್ದರೆ ಎಲ್ಲದರ ಅಳತೆಯೂ ಗೊತ್ತು.

ಇಷ್ಟೆಲ್ಲ ಓದಿಕೊಂಡ ನಮ್ಮ ಭಾವನಿಗೆ ಬಣ್ಣದ ವಾಸನೆ ಆಗಿಬರುವುದಿಲ್ಲ. ಡಬ್ಬಿಯ ಮುಚ್ಚಳ ತೆಗೆದರೆ ಸಾಕು, ಸೀನು ಶುರುವಾಗಿ ನಿಲ್ಲುವುದೇ ಇಲ್ಲ. ಆದ್ದರಿಂದ ಕೆಲಸ ಮುಗಿಯುವವರೆಗೆ ಇಬ್ಬರೂ ಪೆಟ್ಟಿಗೆ ಕಟ್ಟಿಕೊಂಡು ಊರಿನ ಆ ತುದಿಯಲ್ಲಿದ್ದ ನನ್ನ ಮನೆಗೆ ಬಂದರು. ಕೆಲಸದ ಮೇಲ್ವಿಚಾರಣೆ ಫೋನಿನಲ್ಲಿ.

ಮೊದಲ ಬೆಳಿಗ್ಗೆ ಪೇಂಟರ್ ಫೋನು ಮಾಡಿ ಮನೆ ಯಾವುದು ಎಂದು ಕೇಳಿದ. ಭಾವ ನನ್ನ ಸೋಫಾದ ಮೇಲೆ ಕಾಲು ಚಾಚಿಕೊಂಡು, ಜಗತ್ತಿಗೇ ಕೇಳುವಂತೆ ಉತ್ತರ ಕೊಟ್ಟರು:

"ನಂಬರ್ ನೋಡ್ಕೊಂಡು ಹೋಗ್ಬೇಡಪ್ಪಾ, ಹಳೇ ನಂಬರ್ ಮೇಲೆ ಹೊಸದು ಬರೆದು ಮುನಿಸಿಪಾಲಿಟಿಯವರು ಎರಡನ್ನೂ ಕೆಡಿಸಿದ್ದಾರೆ. ನೀನು ಸೀದಾ ಬೀದಿ ಮಧ್ಯಕ್ಕೆ ಹೋಗಿ ನಿಂತ್ಕೊ. ಸುತ್ತ ಒಂದ್ಸಲ ನೋಡು. ಎಲ್ಲಕ್ಕಿಂತ ಗಲೀಜಾಗಿರೋ ಮನೆ ಯಾವುದು ಕಾಣುತ್ತೋ, ಅದೇ ನಮ್ಮನೆ. ಹಹ್ಹಾ! ಮಾನವಂತರು ಇರೋ ಮನೆ ಅಂತ ಅನ್ಸಲೇಬಾರದು, ಹಾಗಿದೆ. ಅನುಮಾನವೇ ಬೇಡ."

"ನಮ್ಮನೇನ ನಾವೇ ಬೈಕೋಬೇಕಾ?" ಎಂದಳು ಅಕ್ಕ.

"ಅದು ವಿನಯ ಕಣೇ" ಎಂದರು ಭಾವ.

ನಮ್ಮವರ ವಿನಯದ ರೀತಿಯೇ ಹಾಗೆ. ಮಹಡಿ ಮನೆ ಕಟ್ಟಿದವರು "ನಮ್ಮ ಗುಡಿಸಲಿಗೆ ಬನ್ನಿ" ಎನ್ನುತ್ತಾರೆ. ಯಾರಾದರೂ ನಿಜವಾಗಿ ಗುಡಿಸಲೆಂದುಕೊಂಡರೆ ಆ ಜನ್ಮದಲ್ಲಿ ಅವರ ಜೊತೆ ಮಾತಾಡುವುದಿಲ್ಲ. ಇನ್ನು ಕೆಲವೇ ದಿನಗಳಲ್ಲಿ ತಮ್ಮ ಮನೆ ಬೀದಿಗೇ ಕಳಶಪ್ರಾಯವಾಗುತ್ತದೆ ಎಂಬ ಭರವಸೆ ಇದ್ದುದರಿಂದ ಭಾವನ ವಿನಯ ಅಂದು ಸ್ವಲ್ಪ ಉದಾರವಾಗಿಯೇ ಹರಿಯಿತು. ಪೇಂಟರ್ ಮಾತ್ರ ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಮನುಷ್ಯ.

ಕೆಲಸ ನಡೆದ ಹಾಗೆ ಫೋಟೋಗಳು ಬರತೊಡಗಿದವು. ಗೋಡೆಗೆ ಮೂಗು ತಾಗಿಸಿ ತೆಗೆದಂಥ ಫೋಟೋಗಳು. ಒಂದರಲ್ಲೂ ಮನೆಯಿಲ್ಲ, ಬರೀ ಗೋಡೆ. ಭಾವ ಅದನ್ನು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ, "ನೋಡೋ, ಫಿನಿಶಿಂಗ್ ನೋಡೋ!" ಎಂದು ನನಗೆ ತೋರಿಸಿದರು. ಕಚೇರಿಯಲ್ಲಿ ಸಾಹೇಬರಿಗೂ ತೋರಿಸಿದರಂತೆ. ಒಂದು ಫೋಟೋದ ಅಂಚಿನಲ್ಲಿ ಕಿಟಕಿಯ ತುಂಡೊಂದು ಕಂಡಿತು.

"ರೀ, ಇದು ನಮ್ಮ ಕಿಟಕಿ ಅಲ್ವಲ್ಲ" ಎಂದಳು ಅಕ್ಕ. "ನಮ್ಮ ಕಿಟಕಿ ಕಂಬಿ ಹೀಗೆ ಬಗ್ಗಿದೆಯಾ?"

"ಒಳ್ಳೇ ಬಣ್ಣ ಬಿದ್ರೆ ಕಿಟಕಿ ಕಳೆಯೇ ಬದಲಾಗುತ್ತೆ" ಎಂದರು ಭಾವ.

ಕೆಲಸ ಮುಗಿದ ಸುದ್ದಿ ಬಂದು, ವಾಸನೆ ಆರಲೆಂದು ಇನ್ನೂ ಸ್ವಲ್ಪ ಕಾದು, ನಾವು ಮೂವರೂ ಆಟೋದಲ್ಲಿ ಹೊರಟೆವು. ಬೀದಿಯ ತಿರುವಿನಲ್ಲೇ ಹಳದಿ ಕಣ್ಣಿಗೆ ಹೊಡೆಯಿತು. "ಅಲ್ಲೇ, ಅಲ್ಲೇ ನಿಲ್ಸಿ!" ಎಂದು ಭಾವ ಆಟೋದಿಂದ ಒಂದು ಕಾಲು ಹೊರಗಿಟ್ಟರು. ಆಮೇಲೆ ಆ ಕಾಲು ಅಲ್ಲೇ ಉಳಿಯಿತು.

ಎಡಗಡೆ ನಮ್ಮ ಅಕ್ಕನ ಮನೆ, ಬಿಟ್ಟುಹೋದಾಗ ಹೇಗಿತ್ತೋ ಹಾಗೇ, ಕಪ್ಪು ಕಲೆಗಳ ಸಮೇತ ನಿಂತಿತ್ತು. ಬಲಗಡೆ ದೊಡ್ಡ ಟೀಚರ್ ಮನೆ ಅಡಿಯಿಂದ ಮುಡಿಯವರೆಗೆ ಹಳದಿಯಾಗಿ ಉರಿಯುತ್ತಿತ್ತು.

ಭಾವ ಪೇಂಟರಿಗೆ ಫೋನು ಮಾಡಿದರು. "ಯಾವ ಮನೆಗೆ ಹೊಡ್ದೆಯಪ್ಪಾ?"

"ನೀವು ಹೇಳಿದ್ದಕ್ಕೇ ಸಾರ್! ಹೆಂಗೈತೆ? ಎದುರುಗಡೆ ಮನೆಯೂ ಚೆನ್ನಾಗೇ ಕೆಟ್ಟಿತ್ತು, ಒಂದು ಗಳಿಗೆ ತಲೆ ಕೆರ್ಕೊಂಡೆ. ಆದ್ರೆ ನೀವು ಅನುಮಾನವೇ ಬೇಡ ಅಂದಿದ್ರಲ್ಲ. ಈ ಮನೇಲಿ ಪೈಪಿನ ಕೆಳಗೆ ಪಾಚಿ ಬೇರೆ ಇತ್ತು. ಅನುಮಾನವೇ ಬರ್ಲಿಲ್ಲ!"

ಅಷ್ಟರಲ್ಲಿ ಇನ್ನೊಂದು ಆಟೋ ಬಂದು ನಿಂತಿತು. ಮಂಡಿಯ ಚಿಕಿತ್ಸೆಗೆಂದು ತಂಗಿಯ ಮನೆಗೆ ಹೋಗಿದ್ದ ದೊಡ್ಡ ಟೀಚರ್ ಊರುಗೋಲಿನೊಂದಿಗೆ ಇಳಿದರು. ಬೀದಿಯವರೆಲ್ಲ ಬಣ್ಣ ಟೀಚರೇ ಹೇಳಿ ಹೊಡೆಸಿದ್ದೆಂದು ತಿಳಿದು ಸುಮ್ಮನಿದ್ದರು. ಟೀಚರ್ ಮನೆ ನೋಡಿದರು. ಗೇಟು ನೋಡಿ ತಮ್ಮದೇ ಹೌದೆಂದು ಖಚಿತಪಡಿಸಿಕೊಂಡರು. ಆಮೇಲೆ ರಸ್ತೆಯ ಈಚೆ ಬದಿಯಲ್ಲಿ ಫೋನು ಹಿಡಿದು ನಿಂತಿದ್ದ ಭಾವನನ್ನು ನೋಡಿದರು.

"ಇದು... ನೀವಾ?"

ಭಾವ ಫೋನನ್ನು ಮೆಲ್ಲಗೆ ಜೇಬಿಗಿಳಿಸಿದರು.

"ಬಿಡುವಾದಾಗ ನೋಡೋಣ ಅಂದಿದ್ರಿ. ನಿಮ್ಮ ಮನೆಗೇ ಇನ್ನೂ ಹೊಡೆಸಿಲ್ಲ. ಮೊದಲು ನನ್ನದಕ್ಕೆ ಮಾಡ್ಸಿದ್ರಾ?" ಎಂದರು ಟೀಚರ್. ಬೀದಿಯ ಅರ್ಧ ಜನರ ಕಿವಿ ಹಿಂಡಿದ ಆ ಹೆಂಗಸು ಸೆರಗಿನಿಂದ ಕಣ್ಣು ಒರೆಸಿಕೊಂಡರು.

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಅಕ್ಕ ಹಿಂದಿನಿಂದ ಮೊಣಕೈಯಲ್ಲಿ ತಿವಿದಳು. ಭಾವ ಹೇಳಿದರು: "ಇರಲಿ ಬಿಡಿ ಟೀಚರ್. ನೆರೆಹೊರೆ ಅಂದ್ಮೇಲೆ ಅಷ್ಟೂ ಮಾಡದಿದ್ರೆ ಹೇಗೆ?"

ಅಯ್ಯೋ ದೇವರೇ! ಕೇಳಿದ ನನಗೇ ಬೆವರು ಕಿತ್ತುಕೊಂಡು ಬಂತು.

ಮನೆಯೊಳಗೆ ಕಾಲಿಟ್ಟ ಕೂಡಲೇ ಅಕ್ಕ ಬಾಗಿಲು ಹಾಕಿದಳು. "ಈಗಲೇ ಹೋಗಿ ನಿಜ ಹೇಳಿ ಬನ್ನಿ."

"ಏನಂತ ಹೇಳ್ಲಿ? 'ತಪ್ಪಾಯ್ತು ಟೀಚರ್, ಬೀದೀಲೇ ಗಲೀಜು ಮನೆ ಯಾವುದು ನೋಡು ಅಂದಿದ್ದೆ, ಅವನು ನೋಡಿ ನಿಮ್ಮದು ಅಂದ' ಅಂತ ಹೇಳ್ಲಾ? ಆ ಕಣ್ಣೀರು ನೋಡಿದ್ಮೇಲೆ?"

ಅಕ್ಕ ತನ್ನ ಕಪ್ಪು ಗೋಡೆಯ ಹಾಲಿನಲ್ಲಿ ಪೆಟ್ಟಿಗೆಯ ಮೇಲೆ ಕೂತು, "ನೀವು ಬಾಯಿ ಬಿಟ್ರೂ ಕಷ್ಟ, ಮುಚ್ಚಿದ್ರೂ ಕಷ್ಟ" ಎಂದಳು.

ಮುಚ್ಚಿದ್ದರ ಕಷ್ಟ ಮರುದಿನವೇ ಶುರುವಾಯಿತು. ಟೀಚರ್ ಬಿಸ್ಕೆಟ್ ಡಬ್ಬಿ ಹಿಡಿದು ಬಂದರು. ಖರ್ಚು ಕೊಡುತ್ತೇನೆಂದು ಹಟ ಹಿಡಿದರು. ಭಾವ ಮುಖ ಕೆಂಪಗೆ ಮಾಡಿಕೊಂಡು ಬೇಡವೆಂದರು. ಅದನ್ನು ಕಂಡು ಟೀಚರಿಗೆ ಅವರ ಮೇಲೆ ಇನ್ನಷ್ಟು ಗೌರವ ಬಂತು. "ನಮ್ಮೆಜಮಾನ್ರು ಹೋದ್ಮೇಲೆ ನನ್ನ ಮನೆ ಕಡೆ ಯಾರೂ ತಲೆ ಎತ್ತಿ ನೋಡಿರ್ಲಿಲ್ಲಮ್ಮಾ" ಎಂದು ಅಕ್ಕನ ಕೈ ಹಿಡಿದುಕೊಂಡರು. ಸದಾ ಮುಚ್ಚಿರುತ್ತಿದ್ದ ಮುಂಬಾಗಿಲು ತೆರೆದಿಟ್ಟು ಜಗಲಿಯಲ್ಲಿ ಕೂರತೊಡಗಿದರು. ಹೋಗಿಬರುವವರನ್ನೆಲ್ಲ ಕರೆದು ಭಾವನ ಗುಣಗಾನ ಮಾಡಿದರು. ಭಾವ ಕಚೇರಿಗೆ ಹಿತ್ತಲ ಬಾಗಿಲಿನಿಂದ ಹೋಗಿಬರಲು ಅಭ್ಯಾಸ ಮಾಡಿಕೊಂಡರು.

ಸಿಕ್ಕಿದವರೂ ಬಿಡಲಿಲ್ಲ. ಮೂಲೆಮನೆ ಡಾಕ್ಟರು ನಾಡಿ ಹಿಡಿಯುವ ನೆಪದಲ್ಲಿ ಭಾವನ ಕೈ ಹಿಡಿದು, "ನಮ್ಮ ಕಾಂಪೌಂಡ್ ಗೋಡೆ ಮೇಲೂ ನಿಮ್ಮ ದೃಷ್ಟಿ ಬೀಳಲಿ ಸಾರ್" ಎಂದರು. ಆದರೆ ಎಲ್ಲರನ್ನೂ ಮೀರಿಸಿದವರು ಬೀದಿಯ ನಿವಾಸಿಗಳ ಸಂಘದ ಕಾರ್ಯದರ್ಶಿ. ಅವರು ಉಪ್ಪು ಸಾಲ ಕೇಳಲು ಬಂದರೂ ಭಾಷಣದ ಧಾಟಿಯಲ್ಲೇ ಕೇಳುವವರು.

"ಸ್ವಂತ ಗೋಡೆ ಕಪ್ಪಾಗಿದ್ದರೂ ಎದುರುಮನೆಯವರ ಗೋಡೆ ಬೆಳಗಿಸಿದ ಮಹಾನುಭಾವರು ನೀವು! ಭಾನುವಾರ ಸಮಾರಂಭ. ವಾರ್ಡ್ ಆಫೀಸರು ಬರ್ತಾರೆ. ನೀವು ಬೇಡ ಅನ್ನೋ ಹಾಗಿಲ್ಲ."

"ಬೇಡ" ಎಂದರು ಭಾವ.

"ನೋಡಿ ವಿನಯ!" ಎಂದು ಕಾರ್ಯದರ್ಶಿಗಳು ಹೊರಟೇಹೋದರು.

ಭಾನುವಾರ ಟೀಚರ್ ಮನೆಯ ಮುಂದೆ ಬಾಡಿಗೆ ಕುರ್ಚಿ, ಒಂದು ಮೈಕು. ಹಳದಿ ಗೋಡೆಯ ಬೆಳಕು ಬಿದ್ದು ಬಂದವರೆಲ್ಲ ಕಾಮಾಲೆ ರೋಗಿಗಳ ಹಾಗೆ ಕಾಣುತ್ತಿದ್ದರು. ಭಾವ ವೇದಿಕೆಯ ನಡುವೆ, ಹಲ್ಲು ಕೀಳಿಸಿಕೊಳ್ಳಲು ಬಂದವರಂತೆ ಕೂತಿದ್ದರು. ವಾರ್ಡ್ ಆಫೀಸರು "ಮಾದರಿ ನಾಗರಿಕ" ಎಂಬ ಮಾತನ್ನು ಮತ್ತೆ ಮತ್ತೆ ಹೇಳಿದರು. ಪ್ರತಿ ಸಲವೂ ಭಾವ ಕುರ್ಚಿಯಲ್ಲಿ ಸ್ವಲ್ಪ ಸ್ವಲ್ಪ ಕೆಳಗೆ ಜಾರಿದರು. ಅಲ್ಲಿಗೆ ಮುಗಿದಿದ್ದರೆ ಬದುಕಿಕೊಳ್ಳುತ್ತಿದ್ದರೇನೋ. ಆದರೆ ಯಾವುದನ್ನೂ ಅರ್ಧಕ್ಕೆ ಬಿಡುವವರಲ್ಲ ನಮ್ಮ ಕಾರ್ಯದರ್ಶಿಗಳು. ಬಣ್ಣದ ಅಂಗಡಿಯಲ್ಲಿ ವಿಚಾರಿಸಿ ಪೇಂಟರನ್ನೂ ಕರೆಸಿದ್ದರು.

"ಬೇರೆಯವರ ಮನೆಯನ್ನು ತಮ್ಮ ಮನೆಯೆಂದೇ ತಿಳಿದು ಬಣ್ಣ ಹೊಡೆಸಿದ ಈ ಮಹನೀಯರ ಬಗ್ಗೆ ಪೇಂಟರವರು ಎರಡು ಮಾತು ಹೇಳಬೇಕು!" ಎಂದು ಮೈಕನ್ನು ಅವನ ಬಾಯಿಗೆ ಹಿಡಿದರು.

ಪೇಂಟರ್ ಮೈಕು ನೋಡಿದ, ಮನೆ ನೋಡಿದ, ಭಾವನನ್ನು ನೋಡಿದ. "ಬೇರೆಯವರದ್ದಾ? ಸಾರ್, ಇದು ನಿಮ್ಮನೆ ಅಲ್ವಾ?"

ಸಭೆ ನಕ್ಕಿತು. ಕಾರ್ಯದರ್ಶಿಗಳು, "ಅವರು ಹಾಗೇ ಭಾವಿಸ್ತಾರೆ!" ಎಂದರು.

"ಅಲ್ಲ ಸ್ವಾಮೀ, ಇವ್ರೇ ಫೋನಲ್ಲಿ ಹೇಳಿದ್ರು. ಬೀದಿ ಮಧ್ಯ ನಿಂತ್ಕೊ, ಎಲ್ಲಕ್ಕಿಂತ ಗಲೀಜು ಮನೆ ಯಾವುದು ಕಾಣುತ್ತೋ ಅದೇ ನಮ್ಮನೆ, ಮಾನವಂತರು ಇರೋ ಮನೆ ಅಂತ ಅನ್ಸಲೇಬಾರದು, ಹಾಗಿದೆ ಅಂತ. ನಾನು ಸುತ್ತ ನೋಡ್ದೆ. ಇದೇ ಅನ್ಸ್ತು."

ಮೈಕು ಒಳ್ಳೆಯದಿತ್ತು. ಬೀದಿಯ ಕೊನೆಯ ಮನೆಗೂ ಕೇಳಿಸಿತು. ನಾನು ನನ್ನ ಚಪ್ಪಲಿಯ ಉಂಗುಟ ನೋಡುತ್ತ ಕೂತೆ. ಭೂಮಿ ಬಾಯಿ ಬಿಟ್ಟರೆ ಭಾವನಿಗಿಂತ ಮೊದಲು ನಾನು ಇಳಿಯಲು ತಯಾರಿದ್ದೆ.

ಮುಂದಿನ ಸಾಲಿನಲ್ಲಿದ್ದ ಟೀಚರ್ ಊರುಗೋಲು ಊರಿ ಎದ್ದರು. "ಎರಡೂ ಮನೆ ನೋಡಿದ್ಯೇನಪ್ಪಾ?"

"ಹೌದಮ್ಮಾ."

"ನೋಡಿ, ನನ್ನದೇ ಅಂದ್ಕೊಂಡ್ಯಾ?"

ಪೇಂಟರಿಗೆ ಈಗ ಅರ್ಥವಾಗತೊಡಗಿತ್ತು. ಅವನು ತಲೆ ತಗ್ಗಿಸಿದ. "ಪೈಪಿನ ಕೆಳಗೆ ಪಾಚಿ ಇತ್ತಮ್ಮಾ..."

ಟೀಚರ್ ಭಾವನ ಕಡೆ ತಿರುಗಿದರು. "ನೀವು ಹೇಳಿ. ಹೀಗೇನಾ ಹೇಳಿದ್ದು?"

ಭಾವ ಎದ್ದು ನಿಂತರು. ಕೈ ತಾನಾಗಿಯೇ ಕಿವಿಯ ಹತ್ತಿರ ಹೋಯಿತು. "ನಮ್ಮನೆ ಬಗ್ಗೆ ಹೇಳಿದ್ದು ಟೀಚರ್..."

"ಹೇಳಿದ್ದು ಹೌದಾ, ಅಲ್ವಾ?"

"ಹೌದು ಟೀಚರ್."

ಟೀಚರ್ ಒಳಗೆ ಹೋದರು. ಬಾಗಿಲು ಮುಚ್ಚಿಕೊಂಡಿತು. ಜೋರಾಗಿ ಹಾಕಿದ್ದರೆ ಒಂದು ಸಮಾಧಾನವಾದರೂ ಇರುತ್ತಿತ್ತು. ಸದ್ದೇ ಇಲ್ಲದೆ ಹಾಕಿದರು. ವಾರ್ಡ್ ಆಫೀಸರಿಗೆ ಇದ್ದಕ್ಕಿದ್ದಂತೆ ಇನ್ನೊಂದು ಕಾರ್ಯಕ್ರಮ ನೆನಪಾಯಿತು. ಡಾಕ್ಟರು ಭಾವನ ಕೈ ಹಿಡಿಯದೆ ಹೋದರು. ಕಾರ್ಯದರ್ಶಿಗಳು ಜೀವನದಲ್ಲಿ ಮೊದಲ ಬಾರಿಗೆ ವಂದನಾರ್ಪಣೆ ಮಾಡದೆ ಮೈಕು ಬಿಚ್ಚಿದರು.

ಸಂಜೆ ಅಕ್ಕ ಭಾವನನ್ನು ಬಾಗಿಲವರೆಗೆ ತಳ್ಳಿದಳು. "ಹೋಗಿ ಕಾಲು ಹಿಡ್ಕೊಳ್ಳಿ. ಏನಂತಾರೋ ಅನ್ನಿಸ್ಕೊಳ್ಳಿ. ಲೋ, ನೀನೂ ಹೋಗು, ಇವರು ಮಧ್ಯದಿಂದ ವಾಪಸು ಬಂದುಬಿಡ್ತಾರೆ." ಅಷ್ಟು ಕಿರಿದಾದ ರಸ್ತೆ ದಾಟಲು ಅಷ್ಟು ಹೊತ್ತು ಹಿಡಿದದ್ದನ್ನು ನಾನು ಇನ್ನೆಲ್ಲೂ ನೋಡಿಲ್ಲ. ಎಲ್ಲ ಮನೆಗಳ ಕಿಟಕಿ ಪರದೆಗಳೂ ಸ್ವಲ್ಪ ಸ್ವಲ್ಪ ಸರಿದಿದ್ದವು.

ಟೀಚರ್ ಬಾಗಿಲು ತೆರೆದರು. ಅತ್ತಿದ್ದ ಕಣ್ಣು ಒಣಗಿತ್ತು. ಒಳಗೆ ಬನ್ನಿ ಎನ್ನಲಿಲ್ಲ.

"ನನಗೆ ಗಲೀಜು ಅಂದಿದ್ದಕ್ಕೆ ಬೇಜಾರಿಲ್ಲ" ಎಂದರು. "ಗಲೀಜಾಗಿತ್ತು, ನನಗೂ ಗೊತ್ತು. ಒಬ್ಬಳೇ ಇರೋ ಮನೆ, ಯಾರಿಗೋಸ್ಕರ ಅಂತ ಬಿಟ್ಟಿದ್ದೆ. ಆದ್ರೆ ಯಾರೋ ನನ್ನ ಬಗ್ಗೆ ಯೋಚ್ನೆ ಮಾಡಿ ಮಾಡಿದ್ದು ಅಂದ್ಕೊಂಡು ಇಷ್ಟು ದಿನ ಖುಷಿಯಾಗಿ ಓಡಾಡಿದ್ನಲ್ಲ, ಅದನ್ನ ನೆನೆಸ್ಕೊಂಡ್ರೆ ಮೈಯೆಲ್ಲ ಹಿಡಿಯಾಗುತ್ತೆ. ಆ ಮೊದಲ ದಿನವೇ ಹೇಳಿದ್ದಿದ್ರೆ ನಕ್ಕುಬಿಡ್ತಿದ್ದೆ."

ಭಾವ ಕೈ ಮುಗಿದರು. "ನನಗೆ ನಾಚಿಕೆ ಆಗ್ತಿದೆ ಟೀಚರ್. ನೀವು ಅವತ್ತು ಬಂದು ಕೇಳಿದಾಗ ಕೂತ್ಕೊಳ್ಳಿ ಅಂತಾನೂ ಅನ್ಲಿಲ್ಲ ನಾನು. ನಿಮ್ಮ ಒಳಗಿನ ಗೋಡೆಗೂ ನಾನೇ ನಿಂತು ಹೊಡೆಸ್ತೀನಿ. ನಿಜವಾಗ್ಲೂ. ಈ ಸಲ ಗೊತ್ತಿದ್ದೇ ಮಾಡ್ತೀನಿ."

ಟೀಚರ್ ಅವರನ್ನು ಮೇಲಿನಿಂದ ಕೆಳಗೆ ನೋಡಿದರು.

"ಒಳಗಿಂದಿರ್ಲಿ. ಮೊದಲು ಹೊರಗಿನ ಬಣ್ಣ ಅಳಿಸಿ" ಎಂದರು.

"ಹಾಂ?"

"ಕೊಳೆತ ಕುಂಬಳಕಾಯಿ ಇದ್ದ ಹಾಗಿದೆ. ರಾತ್ರಿ ದೀಪ ಆರಿಸಿದ್ರೂ ಕಾಣುತ್ತೆ. ಪಾಪ, ಪ್ರೀತಿಯಿಂದ ಹೊಡೆಸಿದ್ದಾರೆ, ಏನಾದ್ರೂ ಅಂದ್ರೆ ನೊಂದ್ಕೋತಾರೆ ಅಂತ ಹಲ್ಲು ಕಚ್ಚಿ ಸಹಿಸ್ಕೊಂಡಿದ್ದೆ. ಆ ಪ್ರೀತಿಯೇ ಇಲ್ಲ ಅಂದ್ಮೇಲೆ ಈ ಬಣ್ಣ ನಾನ್ಯಾಕೆ ಸಹಿಸ್ಕೊಳ್ಳಲಿ?"

ಭಾವ ತಿರುಗಿ ನನ್ನನ್ನು ನೋಡಿದರು. ನಾನು ಆಕಾಶ ನೋಡಿದೆ. ರಸ್ತೆಯಾಚೆ ಗೇಟಿನ ಹತ್ತಿರ ನಿಂತಿದ್ದ ಅಕ್ಕ ಸೆರಗು ಬಾಯಿಗೆ ಅಡ್ಡ ಹಿಡಿದಿದ್ದಳು. ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ಗೊತ್ತು.

"ಕೆನೆ ಬಿಳಿ ಸಾಕು" ಎಂದು ಟೀಚರ್ ಮುಂದುವರಿಸಿದರು. "ನಾಳೆ ಬೆಳಿಗ್ಗೆ ಅವನನ್ನ ಕರ್ಕೊಂಡು ಬನ್ನಿ. ನಾನೇ ಹೇಳ್ತೀನಿ, ನೀವು ಬಾಯಿ ಮುಚ್ಕೊಂಡು ಪಕ್ಕದಲ್ಲಿ ನಿಂತಿರಿ. ಬರ್ತೀರಾ?"

"ಬರ್ತೀನಿ ಟೀಚರ್" ಎಂದರು ಭಾವ. ಹೋಗಿ ಎನ್ನುವವರೆಗೂ ಅಲ್ಲೇ ನಿಂತಿದ್ದರು.